ಹೊಳೆ ಇಳಿಯುವ ತನಕ

ಅಪ್ಪಯ್ಯ ನನಗೆ ಕಾರು ಕಲಿಸುವಾಗ ಮೊದಲು ಹೇಳಿಕೊಟ್ಟದ್ದು ರಿವರ್ಸ್ ಗೇರು. ಓರಗೆಯ ಹುಡುಗರೆಲ್ಲ ಕ್ಲಚ್ಚು ಬಿಟ್ಟು ಮುಂದೆ ನುಗ್ಗುವುದನ್ನು ಕಲಿಯುತ್ತಿದ್ದರೆ ನಾನು ಅಂಗಳದಿಂದ ದಣಪೆಯವರೆಗೆ ಹಿಂದುಹಿಂದಕ್ಕೇ ಹೋಗುತ್ತಿದ್ದೆ. ನೋಡಿದವರು ನಗುತ್ತಿದ್ದರು. “ಮುಂದೆ ಹೋಗೋದು ಕಾರಿಗೇ ಗೊತ್ತು ಮಾರಾಯ, ಹಿಂದೆ ಬರೋದನ್ನ ಮನುಷ್ಯ ಕಲೀಬೇಕು” ಎನ್ನುತ್ತಿದ್ದರು ಅಪ್ಪಯ್ಯ. ಅದು ವೇದಾಂತವಲ್ಲ, ಭೂಗೋಳ. ನಮ್ಮ ಮನೆ ಇದ್ದದ್ದು ಹೊರನಾಡಿನ ಕಡೆ, ಪೇಟೆ ಎಂದರೆ ಕಳಸ, ನಡುವೆ ಭದ್ರಾ ನದಿ, ಅದರ ಮೇಲೆ ಹೆಬ್ಬಾಳೆ ಸೇತುವೆ. ಮಳೆಗಾಲ ಬಂತೆಂದರೆ ನದಿಯ ಮೇಲೆ ಸೇತುವೆ ಎನ್ನುವ ಮಾತು ತಿರುಗಿ ಸೇತುವೆಯ ಮೇಲೆ ನದಿ ಎಂದಾಗುತ್ತಿತ್ತು.

ಭದ್ರೆ ಹುಟ್ಟುವುದು ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ. ಅಲ್ಲಿ ರಾತ್ರಿಯಿಡೀ ಸುರಿದರೆ, ಬೆಳಿಗ್ಗೆ ಕಳಸದಲ್ಲಿ ಹೂಬಿಸಿಲಿದ್ದರೂ ಹೆಬ್ಬಾಳೆಯಲ್ಲಿ ನೀರು ಏರುತ್ತದೆ. ಹಾಗಾಗಿ ಆಕಾಶ ನೋಡಿ ಹೊರಟವರಿಗೆ ಹೊಳೆ ಕೈಕೊಡುತ್ತಿತ್ತು. ಅಪ್ಪಯ್ಯ ಆಕಾಶ ನೋಡುತ್ತಲೇ ಇರಲಿಲ್ಲ. ನೀರಿನ ಬಣ್ಣ ನೋಡುತ್ತಿದ್ದರು. ಚಹದ ಬಣ್ಣವಾದರೆ ಮೇಲೆ ಮಳೆ, ತರಗೆಲೆ ತೇಲಿ ಬಂದರೆ ಏರುತ್ತಿದೆ, ಬಿದಿರ ಮೆಳೆಯೋ ಮರದ ದಿಮ್ಮಿಯೋ ಬಂದರೆ ಮನೆಗೆ ಹೋಗುವ ಮಾತು ನಾಳೆಗೆ.

ಕಾರು 1978ರ ಮಾರ್ಕ್ 3 ಅಂಬಾಸಡರ್. ಎರಡನೆಯ ಕೈಯದೋ ನಾಲ್ಕನೆಯ ಕೈಯದೋ, ಆರ್.ಸಿ. ಪುಸ್ತಕದಲ್ಲಿ ಹೆಸರುಗಳು ವಂಶವೃಕ್ಷದಂತೆ ಸಾಲುಗಟ್ಟಿದ್ದವು. ಅದಕ್ಕೆ ದಿನನಿತ್ಯದ ಪರೀಕ್ಷೆ ಇದ್ದದ್ದು ಹೆಬ್ಬಾಳೆಯಲ್ಲಲ್ಲ, ಟಾರು ರಸ್ತೆಗೂ ನಮ್ಮ ತೋಟಕ್ಕೂ ನಡುವಿನ ಹಳ್ಳದಲ್ಲಿ. ಆ ಹಳ್ಳಕ್ಕೆ ಸೇತುವೆ ಇರಲಿಲ್ಲ, ದಾಟಬೇಕಿತ್ತು. ದಾಟುವುದು ಒಂದು ಪೂಜಾವಿಧಿ.

ಮೊದಲು ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ, ಅಡಿಕೆ ದಬ್ಬೆಯ ಕೋಲು ಹಿಡಿದು ಹಳ್ಳಕ್ಕಿಳಿಯುತ್ತಿದ್ದರು. ಚಕ್ರ ಹಾಯುವ ಎರಡು ಗೆರೆಯ ಮೇಲೂ ಹೋಗಿ ಬಂದು ತಳದ ಕಲ್ಲು ಉರುಳಿದೆಯೇ, ಹೊಸ ಗುಂಡಿ ಬಿದ್ದಿದೆಯೇ ನೋಡುತ್ತಿದ್ದರು. ನೀರು ಮೀನಖಂಡದವರೆಗಿದ್ದರೆ ಸರಿ. ಮೊಣಕಾಲು ಮುಟ್ಟಿದರೆ ಕಾರು ಆಚೆ ದಡದಲ್ಲೇ ನಿಲ್ಲಬೇಕು, ನಾವು ಕಾಲುಸಂಕದ ಮೇಲೆ ಸಾಮಾನು ಹೊರಬೇಕು. ನೀರು ಸರಿಯಿದ್ದರೆ ಬಾನೆಟ್ಟು ಎತ್ತಿ ಫ್ಯಾನ್ ಬೆಲ್ಟು ಕಳಚಿ ನನ್ನ ಕೈಗೆ ಕೊಡುತ್ತಿದ್ದರು. ಫ್ಯಾನು ತಿರುಗುತ್ತಿದ್ದರೆ ನೀರನ್ನು ಹಿಂದಕ್ಕೆ ಎರಚಿ ಡಿಸ್ಟ್ರಿಬ್ಯೂಟರನ್ನು ತೋಯಿಸುತ್ತದೆ, ಅದು ತೋಯ್ದರೆ ಕಿಡಿ ಹಾರುವುದಿಲ್ಲ, ಇಂಜಿನ್ನು ನಡುನೀರಲ್ಲಿ ಮೌನವ್ರತ ಹಿಡಿಯುತ್ತದೆ. ಮುಂದಿನ ಜಾಲರಿಗೆ ಗೊಬ್ಬರದ ಚೀಲ ಕಟ್ಟಿಯಾಯಿತು. ಇನ್ನು ಫಸ್ಟ್ ಗೇರು. ಎಕ್ಸಲೇಟರಿನ ಕಾಲು ಒಂದೇ ಸಮ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನಡುವೆ ಗೇರು ಬದಲಿಸುವಂತಿಲ್ಲ, ಕ್ಲಚ್ಚು ಒತ್ತುವಂತಿಲ್ಲ, ಮಕ್ಕಳು ಮಾತಾಡುವಂತಿಲ್ಲ. ಕೊನೆಯದಕ್ಕೆ ಯಾಂತ್ರಿಕ ಕಾರಣವೇನೆಂದು ನನಗೆ ಈವರೆಗೂ ತಿಳಿದಿಲ್ಲ.

ಕಾರು ಮೆಲ್ಲಗೆ ಹೋದರೆ ಮೂತಿಯ ಮುಂದೆ ಸಣ್ಣದೊಂದು ಅಲೆ ಏಳುತ್ತಿತ್ತು. ಆ ಅಲೆಯ ಬೆನ್ನಿಗೆ ನೀರು ತುಸು ತಗ್ಗುತ್ತದೆ, ಕಾರು ಆ ತಗ್ಗಿನಲ್ಲೇ ಸಾಗುತ್ತದೆ. ಜೋರು ಮಾಡಿದರೆ ಅಲೆ ಒಡೆದು ಬಾನೆಟ್ಟಿನ ಮೇಲೆ ಬರುತ್ತದೆ. ಬಾಗಿಲ ಸಂದಿನಿಂದ ಒಳಬಂದ ನೀರಲ್ಲಿ ಅಮ್ಮನ ಚಪ್ಪಲಿ ತೇಲಿ ನನ್ನ ಕಾಲಿಗೆ ಬಡಿಯುತ್ತಿದ್ದದ್ದು ಇವತ್ತಿಗೂ ನೆನಪಿದೆ. ಆಚೆ ದಡ ಹತ್ತಿದ ಮೇಲೂ ಅಪ್ಪಯ್ಯ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಬಿಡುತ್ತ ನೂರು ಮಾರು ಹೋಗುತ್ತಿದ್ದರು. ನೆನೆದ ಬ್ರೇಕು ಹಿಡಿಯುವುದಿಲ್ಲ, ಅದನ್ನು ಹೀಗೆ ಉಜ್ಜಿಯೇ ಒಣಗಿಸಬೇಕು.

ಇಷ್ಟೆಲ್ಲ ವಿದ್ಯೆ ಕಲಿತ ಮನುಷ್ಯ ಹೆಬ್ಬಾಳೆಯ ದಡದಲ್ಲಿ ಮಾತ್ರ ಪರಮ ಹೇಡಿಯಾಗುತ್ತಿದ್ದರು. ಸೇತುವೆಯ ಮೇಲೆ ಒಂದೇ ಗೇಣು ನೀರಿದ್ದರೂ ಇಳಿಯುತ್ತಿರಲಿಲ್ಲ. ಜೀಪಿನವರು ಹಾರನ್ನು ಬಾರಿಸಿ ನಮ್ಮನ್ನು ದಾಟಿ ನುಗ್ಗಿ, ಆಚೆ ದಡದಿಂದ ಕೈಬೀಸುತ್ತಿದ್ದರು. ನಾನು ನಾಚಿಕೆಯಿಂದ ಕುಗ್ಗುತ್ತಿದ್ದೆ. “ಅಪ್ಪಯ್ಯ, ನಮ್ಮ ಹಳ್ಳದಲ್ಲಿ ಇದಕ್ಕಿಂತ ಜಾಸ್ತಿ ಇತ್ತಲ್ಲ?” ಎಂದರೆ, “ಹಳ್ಳದ ತಳ ನಾನು ಮುಟ್ಟಿ ನೋಡಿದ್ದೇನೆ. ಇಲ್ಲಿ ಅಂಚು ಕಿತ್ತುಹೋಗಿದ್ಯೋ ಯಾರಿಗೆ ಗೊತ್ತು? ಅದು ನೀರು, ಇದು ಸೆಳೆತ” ಎನ್ನುತ್ತಿದ್ದರು. ಆಮೇಲೆ ದಡದ ಅಂಗಡಿಯತ್ತ ತಿರುಗಿ, ತಾವೇ ಕಂಡುಹಿಡಿದಂತೆ ಪ್ರತಿ ವರ್ಷವೂ ಹೇಳುತ್ತಿದ್ದ ಮಾತು: “ಹೊಳೆಗೆ ಇಳಿಯೋದಕ್ಕೂ ಹೊಳೆ ಇಳಿಯೋದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಕಾಯೋಣ.”

ಅಂಗಡಿಯವರು “ಅಯ್ಯಾ, ಇನ್ನೊಂದು ಚಾ ಹಾಕ್ಲಾ?” ಎಂದು ಕೇಳುವಷ್ಟರಲ್ಲಿ ಬೆಂಚು ತುಂಬಿರುತ್ತಿತ್ತು. ಹೊರನಾಡಿನ ಅಮ್ಮನವರ ದರ್ಶನಕ್ಕೆ ಬಂದ ಬಯಲುಸೀಮೆಯ ಸಂಸಾರ, ಅಡಿಕೆ ವ್ಯಾಪಾರಿ, ಇಂಜೆಕ್ಷನ್ ಕೊಡಲು ಹೊರಟ ದನದ ಡಾಕ್ಟರು. ಹೊಳೆ ಇಳಿಯುವಷ್ಟರಲ್ಲಿ ಎರಡು ಜಾತಕ ಕೂಡಿ, ಒಂದು ಜಾಗದ ತಕರಾರು ಮುಗಿದು, ಇನ್ನೊಂದು ಹುಟ್ಟಿರುತ್ತಿತ್ತು. ಹೊಳೆ ಇಳಿಯದಿದ್ದರೆ ರಿವರ್ಸ್ ಗೇರು, ಕಳಸದ ಸೋದರತ್ತೆಯ ಮನೆ, ಹಲಸಿನ ಹಪ್ಪಳ, ಬಚ್ಚಲ ಒಲೆಯ ಮುಂದೆ ಒಣಗುವ ಅಂಗಿ. ನಾಚಿಕೆ ಹಪ್ಪಳದ ಎರಡನೆಯ ತುಂಡಿಗೆ ಕರಗುತ್ತಿತ್ತು.

ಈಗ ನಾನಿರುವುದು ಬೆಂಗಳೂರಿನಲ್ಲಿ, ದೊಡ್ಡ ಹೊಳೆಯೇ ಇಲ್ಲದ ಊರಿನಲ್ಲಿ. ಆದರೂ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಊರೆಲ್ಲ ನೋಡಿತು. ಕೆರೆಯಿಂದ ಕೆರೆಗೆ ನೀರು ಹೋಗುವ ರಾಜಕಾಲುವೆಯ ಮೇಲೆ ನಾವು ಮನೆ ಕಟ್ಟಿದೆವು, ನೀರು ನಮ್ಮ ರಸ್ತೆ ಹಿಡಿಯಿತು.

ಅಂಥದೊಂದು ಮಳೆಯ ಸಂಜೆ ನಾನು ಅಂಡರ್‌ಪಾಸೊಂದರ ಬಾಯಲ್ಲಿ ನಿಂತಿದ್ದೆ. ಕೆಳಗೆ ಕಂದು ನೀರು. ಫೋನಿನಲ್ಲಿರುವ ಹೆಂಗಸು “ನೇರವಾಗಿ ಹೋಗಿ” ಎಂದಳು. ಹಿಂದಿನಿಂದ ಹಾರನ್ನುಗಳ ಮೇಳ. ನನ್ನ ಕಾರು ಅಂಬಾಸಡರಿಗಿಂತ ಎತ್ತರ, ಅದರ ಜಾಹೀರಾತಿನಲ್ಲಿ ಅದು ಹೊಳೆಯನ್ನೇ ಸೀಳಿಕೊಂಡು ಹೋಗಿತ್ತು. ಇಳಿದೆ. ನಟ್ಟನಡುವೆ ಇಂಜಿನ್ನು ಒಮ್ಮೆ ಬಿಕ್ಕಳಿಸಿ ನಿಂತಿತು. ಕೀಲಿ ತಿರುಗಿಸಿದೆ. ಒಳಗೆ ಟಕ್ಕೆಂದಿತು. ಇನ್ನೊಮ್ಮೆ ತಿರುಗಿಸಿದೆ.

ಬಾಗಿಲು ತಳ್ಳಿ ತೊಡೆಮಟ್ಟದ ನೀರಿಗಿಳಿದಾಗ ಮೇಲಿನಿಂದ ಆಟೋದವನೊಬ್ಬ ಕೂಗಿದ: “ಸೆಲ್ಫ್ ಹೊಡೆದ್ರಾ ಸಾರ್? ಹೊಡೀಬಾರ್ದಿತ್ತು.”

ಗ್ಯಾರೇಜಿನವನು ಅದನ್ನೇ ಬಿಡಿಸಿ ಹೇಳಿದ. ಈಗಿನ ಹಲವು ಕಾರುಗಳಲ್ಲಿ ಗಾಳಿ ಎಳೆಯುವ ಮೂಗು ಮುಂಭಾಗದಲ್ಲಿ, ಹೆಡ್‌ಲೈಟಿನ ಆಸುಪಾಸಿನಲ್ಲಿರುತ್ತದೆ. ಮುದಿ ಅಂಬಾಸಡರಿನ ಏರ್ ಕ್ಲೀನರು ಇಂಜಿನ್ನಿನ ನೆತ್ತಿಯ ಮೇಲೆ ಕಿರೀಟದಂತಿತ್ತು. ಮೂಗಿನಿಂದ ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಅದನ್ನು ಅಮುಕಲಾರದು, ಗಾಳಿ ಅಮುಕಿದಂತೆ ನೀರು ಅಮುಕುವುದಿಲ್ಲ. ಬದಲಿಗೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. “ಸುಮ್ನೆ ಬಿಟ್ಟು ಎಳೆಸಿಕೊಂಡು ಬಂದಿದ್ರೆ ಸಾವಿರದಲ್ಲಿ ಮುಗೀತಿತ್ತು” ಎಂದ. ಮುಗಿದದ್ದು ಲಕ್ಷದಲ್ಲಿ. ಇಂಜಿನ್ನಿಗೆ ಬೇರೆಯೇ ವಿಮೆ ಬೇಕಿತ್ತಂತೆ. ಅದನ್ನು ಹೇಳಿದ್ದ ಸಾಲು ಇರುವೆಯಷ್ಟು ದೊಡ್ಡ ಅಕ್ಷರದಲ್ಲಿತ್ತು.

ಗ್ಯಾರೇಜಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಕಾರಿನ ತೂಕ 1,200 ಕೆ.ಜಿ., ಉದ್ದ 4 ಮೀಟರ್, ಅಗಲ 1.7. ನೀರು ಕಾರಿನ ಹೊಟ್ಟೆ ಮುಟ್ಟಿದ ಮೇಲೆ ಇನ್ನು 18 ಸೆಂ.ಮೀ. ಏರಿದರೆ ಅಷ್ಟೂ ತೂಕವನ್ನು ಅದೇ ಎತ್ತಿಬಿಡುತ್ತದೆ. ನೆಲದಿಂದ ಅಳೆದರೆ ಒಂದೂಕಾಲು ಅಡಿ. ಅಲ್ಲಿಗೆ ಕಾರು ದೋಣಿ, ಅದೂ ಚುಕ್ಕಾಣಿಯಿಲ್ಲದ್ದು. ಹರಿವ ನೀರಾದರೆ ಅಷ್ಟರವರೆಗೂ ಕಾಯುವುದಿಲ್ಲ, ಚಕ್ರದ ಹಿಡಿತ ಸಡಿಲವಾದೊಡನೆ ತಳ್ಳಿಕೊಂಡು ಹೋಗುತ್ತದೆ. ಅಪ್ಪಯ್ಯನ ಮೊಣಕಾಲಿಗೆ ಈ ಲೆಕ್ಕವೆಲ್ಲ ಗೊತ್ತಿತ್ತು.

ನಾನು ಕಳಕೊಂಡದ್ದು ದುಡ್ಡು ಮಾತ್ರ. 2023ರ ಮೇ 21ರ ಮಳೆಗೆ ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ, ಕೆಲಸಕ್ಕೆಂದು ಊರಿಗೆ ಬಂದಿದ್ದ ಯುವತಿಯೊಬ್ಬಳು ತೀರಿಕೊಂಡಳು. ಅದಾದ ಮೇಲೆ ಕಂದು ನೀರು ಕಂಡರೆ ನನಗೆ ಹಾರನ್ನು ಕೇಳಿಸುವುದಿಲ್ಲ.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ನಮ್ಮದು ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು. ಅಪ್ಪಯ್ಯನೂ ಈಗಿಲ್ಲ. ತೀರಿಕೊಂಡದ್ದು ಬೇಸಗೆಯಲ್ಲಿ, ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರಿದ್ದಾಗ. ಆತುರ ಅವರ ಸ್ವಭಾವವಾಗಿರಲಿಲ್ಲ, ಅದೊಂದು ಸಲ ಮಾತ್ರ ಕಾಯಲಿಲ್ಲ.

ಹೆಬ್ಬಾಳೆ ಈಗಲೂ ಮಳೆಗಾಲದಲ್ಲಿ ಮುಳುಗುತ್ತದೆ. ನೀವು ಹೊರನಾಡಿಗೆ ಹೊರಟವರಾದರೆ, ಸೇತುವೆಯ ಮೇಲೆ ನೀರು ಕಂಡರೆ, ಹಿಂದಿನವರು ಎಷ್ಟೇ ಹಾರನ್ನು ಹೊಡೆಯಲಿ, ರಿವರ್ಸ್ ಹಾಕಿ. ಹಳುವಳ್ಳಿ ಮೇಲಿನ ದಾರಿ ಸುತ್ತು, ಆದರೆ ಒಣಗಿದ್ದು. ಅಮ್ಮನವರ ಸನ್ನಿಧಿಯಲ್ಲಿ ಮಧ್ಯಾಹ್ನದ ಊಟ ತಪ್ಪಿದರೆ ರಾತ್ರಿಯದು ಇದ್ದೇ ಇದೆ.