ಮುಸಾಫಿರನ ದೂರ

ಉಳವಿಯಲ್ಲಿ ದೂರವನ್ನು ಗಂಟೆಗಳಲ್ಲಿ ಹೇಳುವುದೇ ರೂಢಿ. ಕಾಡಿನ ನಡುವೆ ಬಳಸಿ ಬಳಸಿ ಸಾಗುವ ರಸ್ತೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಕಿಲೋಮೀಟರಿನ ಕಲ್ಲುಗಳಿಗೆ ಬೆಲೆ ಕಡಿಮೆ. ಚೆನ್ನಬಸವಣ್ಣನವರ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿ ಹೂಡಿಕೊಂಡು ಬರುವವರಂತೂ ದಿನಗಳಲ್ಲಿಯೇ ಲೆಕ್ಕ ಹಾಕುತ್ತಾರೆ. ಭೂಮಿಯ ಉತ್ತರದ ಅಂಚಿನಲ್ಲಿ ಮಾತು ಬೇರೆ. ನಾರ್ವೆಯ ಟ್ರೋಮ್ಸೋ ವಿಮಾನ ನಿಲ್ದಾಣದಿಂದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗಿಯರ್‌ಬೀನ್‌ಗೆ ಸುಮಾರು 950 ಕಿಲೋಮೀಟರ್, ನಡುವೆ ಹಿಮಸಾಗರ. ವಿಮಾನಕ್ಕೆ ಬೇಕಾದದ್ದು ಒಂದೂವರೆ ಗಂಟೆಗಿಂತ ತುಸು ಹೆಚ್ಚು. ನಾವು ದಾಂಡೇಲಿ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ.

ಹಾಗಾದರೆ ಮನುಷ್ಯನು ಮುಸಾಫಿರನಾಗುವುದು ದೂರದಿಂದಲೋ, ಹೊತ್ತಿನಿಂದಲೋ? ಈ ಪ್ರಶ್ನೆಯನ್ನು ಎತ್ತಿದವರು ನನ್ನ ಅಮ್ಮಿ. ಹೃದಯದ ಚಿಕಿತ್ಸೆಗೆಂದು ಅವರನ್ನು ಹುಬ್ಬಳ್ಳಿಗೆ ಕರೆತಂದಿದ್ದೆವು. ನೂರಕ್ಕೂ ಹೆಚ್ಚು ಕಿಲೋಮೀಟರಿನ ದಾರಿ, ನಾಲ್ಕೈದು ದಿನಗಳ ವಾಸ. ಝುಹ್ರ್ ಎರಡೇ ರಕಅತ್ ಎಂದಾಗ ಅವರ ಮುಖ ಬಾಡಿತು. "ಕಾರಿನಲ್ಲಿ ಮಲಗಿಕೊಂಡೇ ಬಂದೆ, ದಣಿವೇನೂ ಇಲ್ಲ. ಅಲ್ಲಾಹನಲ್ಲಿ ಬೇಡಿಕೊಳ್ಳಬೇಕಾದ ಹೊತ್ತಿನಲ್ಲೇ ನಮಾಝನ್ನು ಅರ್ಧ ಮಾಡಲೇನು?" ಎಂದರು.

ಹನಫೀ ವಿದ್ವಾಂಸರು ಪ್ರಯಾಣದ ಅಳತೆಯನ್ನು ಮೂರು ದಿನಗಳ ಸಾಧಾರಣ ನಡಿಗೆಯೆಂದು ನಿಗದಿಪಡಿಸಿದರು. ಇಂದು ಅದನ್ನು ಸುಮಾರು 78 ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಆ ದೂರವನ್ನು ವೇಗದ ಕುದುರೆಯ ಮೇಲೆ ಬೇಗ ಕ್ರಮಿಸಿದವನಿಗೂ ಕಸ್ರ್ ಉಂಟು ಎಂದು ಆ ಕಾಲದಲ್ಲಿಯೇ ಬರೆದಿಟ್ಟಿದ್ದಾರೆ. ಕುದುರೆಯ ಜಾಗದಲ್ಲಿ ಈಗ ವಿಮಾನ ನಿಂತಿದೆ, ಅಷ್ಟೆ. ಇನ್ನೊಂದು ಸೂಕ್ಷ್ಮ ನಮ್ಮ ಘಟ್ಟದವರಿಗೆ ಬಹಳ ಹಿಡಿಸುತ್ತದೆ: ಒಂದೂರಿಗೆ ಎರಡು ದಾರಿಗಳಿದ್ದರೆ, ಹೋದವನು ಹಿಡಿದ ದಾರಿಯ ಉದ್ದವೇ ಲೆಕ್ಕ. ಕಾಗೆ ಹಾರುವ ಗೆರೆಯನ್ನು ಯಾರೂ ಕೇಳುವುದಿಲ್ಲ. ಹದಿನೈದು ದಿನ ನಿಲ್ಲುವ ಸಂಕಲ್ಪವಿದ್ದರೆ, ಅಥವಾ ಊರವನೇ ಆದ ಇಮಾಮರ ಹಿಂದೆ ನಿಂತರೆ, ಪೂರ್ತಿ ನಾಲ್ಕು.

ಅಮ್ಮಿಗೆ ಈ ಲೆಕ್ಕಗಳು ರುಚಿಸಲಿಲ್ಲ. ಆಗ ಸಹೀಹ್ ಮುಸ್ಲಿಮಿನಲ್ಲಿರುವ ಪ್ರಸಂಗವನ್ನು ಹೇಳಿದೆ. ಅನ್ನಿಸಾ ಅಧ್ಯಾಯದ 101ನೇ ಸೂಕ್ತದಲ್ಲಿ ಕಸ್ರ್‌ನೊಂದಿಗೆ ಶತ್ರುಭಯದ ಮಾತಿದೆ. ಭಯವೆಲ್ಲ ನೀಗಿದ ಮೇಲೂ ಕಸ್ರ್ ಏಕೆಂದು ಯಅಲಾ ಬಿನ್ ಉಮಯ್ಯಾ(ರ) ಕೇಳಿದಾಗ, ತನಗೂ ಇದೇ ಅಚ್ಚರಿಯಾಗಿತ್ತೆಂದೂ ಪ್ರವಾದಿಯವರಲ್ಲಿ(ಸ) ವಿಚಾರಿಸಿದ್ದೆನೆಂದೂ ಉಮರ್(ರ) ಹೇಳಿದರು. ಅದು ಅಲ್ಲಾಹನು ನಿಮಗಿತ್ತ ಸದಕಾ, ಅವನ ಸದಕಾವನ್ನು ಸ್ವೀಕರಿಸಿರಿ ಎಂಬುದೇ ಪ್ರವಾದಿಯವರ(ಸ) ಉತ್ತರವಾಗಿತ್ತು.

"ಸದಕಾ ಅಂದರೇ?" ಎಂದು ಅಮ್ಮಿ ಮತ್ತೊಮ್ಮೆ ಕೇಳಿದರು. ಬದುಕಿಡೀ ಕೊಟ್ಟೇ ರೂಢಿಯಾದ ಕೈ ಅದು. ಪಡೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಬಳಿಕ ಎರಡು ರಕಅತ್ ಮುಗಿಸಿ ಸಲಾಮ್ ಹೇಳಿ, ಅಲ್ಲಿಯೇ ಕುಳಿತು ದುಆಕ್ಕೆ ಕೈಯೆತ್ತಿದರು. ನರ್ಸ್ ಬಂದು ಬಾಗಿಲಲ್ಲಿ ನಿಂತಾಗಲೂ ಆ ಕೈಗಳು ಕೆಳಗಿಳಿದಿರಲಿಲ್ಲ.