ಹನ್ನೆರಡನೆಯ ಹುಡುಗ

ಕಬಡ್ಡಿ ತಂಡ ಆರಿಸಲು ಕುಳಿತವರಿಗೆ ಮೊದಲ ಹತ್ತು ಹೆಸರು ಸುಲಭ. ಹನ್ನೊಂದನೆಯದಕ್ಕೆ ಸ್ವಲ್ಪ ಮಾತು ಬೇಕಾಗುತ್ತದೆ. ಹನ್ನೆರಡನೆಯದಕ್ಕೆ ಜಗಳವೇ ಆಗುತ್ತದೆ. 1996ರ ಒಂದು ಮಧ್ಯಾಹ್ನ ಹೊಸಪೇಟೆಯ ಮೈದಾನವೊಂದರ ಬೇವಿನ ಮರದ ಕೆಳಗೆ ನಾವು ಮೂವರು ಪಿ.ಟಿ. ಮೇಷ್ಟ್ರುಗಳು ಅಂಥದೊಂದು ಜಗಳದಲ್ಲಿದ್ದೆವು. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು; ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಜಿಲ್ಲೆಯ ಪ್ರೌಢಶಾಲಾ ತಂಡಕ್ಕೆ ಆಯ್ಕೆ ಮುಗಿಯುತ್ತ ಬಂದಿತ್ತು. ಮುಂದಿನ ವಾರ ವಿಭಾಗ ಮಟ್ಟದ ಪಂದ್ಯ.

ಉಳಿದದ್ದು ಒಂದು ಸ್ಥಾನ, ಇಬ್ಬರು ಹುಡುಗರು. ಒಬ್ಬ ಹೊಸಪೇಟೆ ಊರಿನವನೇ. ಆಟದ ಗೆರೆಗಳೆಲ್ಲ ಅವನ ಪಾದಕ್ಕೆ ಗೊತ್ತು. ಎಷ್ಟು ಒಳಗೆ ಹೋಗಬೇಕು, ಯಾವಾಗ ತಿರುಗಬೇಕು, ಉಸಿರು ಎಷ್ಟು ಉಳಿದಿದೆ, ಎಲ್ಲ ಲೆಕ್ಕ. ಬೆರಗು ಹುಟ್ಟಿಸುವ ಆಟಗಾರನಲ್ಲ, ಆದರೆ ತಪ್ಪು ಮಾಡುವವನೂ ಅಲ್ಲ.

ಇನ್ನೊಬ್ಬ ಕಂಪ್ಲಿ ಕಡೆಯ ಹೊಳೆದಂಡೆಯ ಹಳ್ಳಿಯವನು. ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು. ಚಿಕ್ಕಂದಿನಿಂದ ಹುಟ್ಟು ಹಾಕಿ ಹುಡುಗನ ತೋಳು ಹುರಿಗಟ್ಟಿದ್ದವು. ಮೊದಲ ದಾಳಿಯಲ್ಲೇ ಹಿಡಿಯಲು ಬಂದ ಇಬ್ಬರ ತಲೆಯ ಮೇಲೆ ಹಾರಿ ಈಚೆ ಬಂದುಬಿಟ್ಟ. ಮೈದಾನವೇ 'ಹೋ' ಎಂದಿತು. ಎರಡನೆಯ ದಾಳಿಯಲ್ಲಿ ಬಾಕ್ ಗೆರೆ ದಾಟದೆ ಮರಳಿ ತಾನೇ ಔಟಾದ. ಮೂರನೆಯದರಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುವುದನ್ನೇ ಮರೆತ. ಅಂಪೈರ್ ವಾಪಸು ಕಳಿಸಿದರು. ಹುಡುಗ ನಗುತ್ತಲೇ ಬಂದು ನಿಂತ.

"ಇದು ಅದಿರು ಸಾರ್! ಇಂಥದು ಹತ್ತು ವರ್ಷಕ್ಕೊಮ್ಮೆ ಸಿಗೋದು" ಎಂದರು ಸಂಡೂರಿನ ಮೇಷ್ಟ್ರು. ಗಣಿಯ ಊರಿನವರಿಗೆ ಬೇರೆ ಹೋಲಿಕೆ ಎಲ್ಲಿಂದ ಬರಬೇಕು?

ಕಂಪ್ಲಿಯ ಹಿರಿಯ ಮೇಷ್ಟ್ರು ತಮ್ಮ ಕಡೆಯ ಹುಡುಗನೆಂದು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು. "ಹುಡುಗನ ಮ್ಯಾಲೆ ನನಗೂ ಪ್ರೀತಿ ಐತಿ. ಅದಿರು ಸಿಕ್ತು ಅಂತೀರಿ, ಕುಲುಮಿ ಎಲ್ಲೈತ್ರಿ? ಒಂದು ವಾರದಾಗ ಏನು ಕಲಿಸ್ತೀರಿ? ಆಮ್ಯಾಲೆ ಯಾರು ಕಲಿಸ್ತಾರೆ?"

ನನಗಾಗ ಮೂವತ್ತು ವಯಸ್ಸು. ಆ ಹಾರುವಿಕೆ ಕಣ್ಣಲ್ಲೇ ಕುಳಿತಿತ್ತು. ನನ್ನ ಮತ ಹರಿಗೋಲಿನ ಹುಡುಗನಿಗೆ ಬಿತ್ತು. ಅವನ ಅಪ್ಪನ ಕೈ ಹಿಡಿದು, "ನೀವು ಚಿಂತೆ ಮಾಡಬೇಡಿ, ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ" ಎಂದೂ ಹೇಳಿದೆ.

ವಿಭಾಗ ಮಟ್ಟದಲ್ಲಿ ಹುಡುಗ ಎರಡು ಸಲ ದಾಳಿಗೆ ಹೋದ. ಒಮ್ಮೆ ಇಬ್ಬರನ್ನು ಮುಟ್ಟಿ ಬಂದ, ಒಮ್ಮೆ ಸಿಕ್ಕಿಬಿದ್ದ. ತಂಡ ಸೋತಿತು. ಅದು ದೊಡ್ಡ ವಿಷಯವಲ್ಲ, ಸೋಲು ಅವನಿಂದಲೂ ಅಲ್ಲ. ತಪ್ಪಾದದ್ದು ಆಮೇಲೆ. ಮೂರು ಶನಿವಾರ ಬಸ್ಸು ಹತ್ತಿ ಹೋಗಿ ಅವನಿಗೆ ಕಲಿಸಿದೆ. ನಾಲ್ಕನೆಯ ಶನಿವಾರ ಪರೀಕ್ಷೆಯ ಕೆಲಸ ಬಂತು, ಮುಂದೆ ವರ್ಗಾವಣೆ ಬಂತು. ನೆಪಗಳಿಗೇನು, ಒಂದರ ಹಿಂದೆ ಒಂದು ಬರುತ್ತವೆ. ತಾನು ಆಟಗಾರನಾಗುವವನೆಂದು ನಂಬಿದ ಹುಡುಗ ಪಾಠ ಬಿಟ್ಟು ಮೈದಾನದಲ್ಲಿ ಕಾಯುತ್ತಿದ್ದನಂತೆ. ಮರುವರ್ಷ ಶಾಲೆಯನ್ನೇ ಬಿಟ್ಟ. ಊರಿನ ಇನ್ನೊಬ್ಬ ಹುಡುಗನೂ ಆ ದಿನದ ನಂತರ ಅಂಕಣಕ್ಕೆ ಇಳಿಯಲಿಲ್ಲ. ಒಂದು ಮತದಿಂದ ಇಬ್ಬರು ಹೋದರು.

ಹಸಿ ಪ್ರತಿಭೆಯನ್ನು ಆರಿಸುವುದೇ ತಪ್ಪು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿದ್ದಾನೆ. ಚೆಂಡೆಸೆದು ಇಡೀ ತಂಡವನ್ನು ಆಡಿಸುವವನು. ಅಲ್ಲಿನ ವೃತ್ತಿಪರ ತಂಡಗಳು ಪ್ರತಿವರ್ಷ ಸರದಿಯ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. 2018ರಲ್ಲಿ ಬಫಲೋ ತಂಡ ಜಾಶ್ ಅಲೆನ್ ಎಂಬ ರೈತರ ಮಗನನ್ನು ಏಳನೆಯವನಾಗಿ ಆರಿಸಿದಾಗ ಹಲವರು ಹುಬ್ಬೇರಿಸಿದರು. ತೋಳಿನ ಬಲಕ್ಕೆ ಸಾಟಿಯಿಲ್ಲ, ಗುರಿ ಮಾತ್ರ ಸಾಲದು. ಮೊದಲ ವರ್ಷ ಅವನ ನೂರು ಎಸೆತಗಳಲ್ಲಿ ಸುಮಾರು 53 ಮಾತ್ರ ಜೊತೆಗಾರರ ಕೈ ಸೇರಿದವು. ತಂಡ ಕೈಬಿಡಲಿಲ್ಲ, ಕಲಿಸುವವರಿದ್ದರು, ಅವನೂ ಕಲಿತ. 2020ರಲ್ಲಿ ಆ ಲೆಕ್ಕ 69 ಆಯಿತು. 2024ರ ಸಾಲಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಅದೇ ದೇಶದಲ್ಲಿ 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್ ಎಂಬ ಬಲಶಾಲಿಯನ್ನು 2010ರಲ್ಲಿ ತಂಡವೇ ಬಿಟ್ಟುಬಿಟ್ಟಿತು. ತೋಳಿನ ಬಲ ಇಬ್ಬರಿಗೂ ಇತ್ತು. ಬಲ ಕಂಡಷ್ಟು ಸುಲಭವಾಗಿ ಮುಂದಿನದು ಕಾಣುವುದಿಲ್ಲ.

ಅಷ್ಟು ದೂರ ಯಾಕೆ? 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಅವರ ಮೈಕಟ್ಟು ನೋಡಿ ಆರಿಸಿ, ಊರು ಬಿಡಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದರು. ಆದರೆ 1993ರಲ್ಲಿ ಯೋಜನೆ ನಿಂತಿತು. ಓಡುತ್ತಿದ್ದ ಮಕ್ಕಳು ಅರ್ಧ ದಾರಿಯಿಂದ ಊರಿಗೆ ಮರಳಬೇಕಾಯಿತು. ಆರಿಸಿದವರ ಕಣ್ಣು ತಪ್ಪಿರಲಿಲ್ಲ. ಹಿಡಿದ ಕೈ ನಡುವೆ ಬಿಟ್ಟಿತು, ಅಷ್ಟೇ.

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೆಲ್ಲ ಉಸೇನ್ ಬೋಲ್ಟ್‌ಗೆ ಹೋಲಿಸಿತು, ಕೇಂದ್ರದ ಕ್ರೀಡಾ ಸಚಿವರೇ ಪರೀಕ್ಷಾ ಓಟಕ್ಕೆ ಕರೆದರು. ಗೌಡರು ಒಪ್ಪಲಿಲ್ಲ. ಗದ್ದೆಯಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಬೆರಳ ತುದಿಯ ಓಟ, ಎರಡೂ ಬೇರೆ ಎಂಬುದು ಅವರ ವಿವರಣೆ. ತನ್ನನ್ನು ಆರಿಸಲು ಬಂದವರಿಗಿಂತ ಚೆನ್ನಾಗಿ ತನ್ನ ಕಾಲನ್ನು ಬಲ್ಲವರು ಅವರು. ಆದರೆ ಅವರು ಬೆಳೆದ ಗಂಡಸು. ಹದಿನಾಲ್ಕು ವರ್ಷದ ಹುಡುಗನಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಈಗ ನಮ್ಮ ಕಡೆಯಲ್ಲೇ ಕುಲುಮೆಯೂ ಬಂದಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜುಡೊ, ಅಥ್ಲೆಟಿಕ್ಸ್ ಕಲಿಸುತ್ತಾರೆ. ಆದರೆ ಕಷ್ಟಪಟ್ಟು ದಿನದಿನವೂ ಮಾಡುವ ಸಾಧನೆಗೆ ಬದಲಿ ಎಲ್ಲಿಯೂ ಇಲ್ಲ. ಸುಮಾರು 1520ರಲ್ಲಿ ಹಂಪೆಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎದ್ದು ಎಣ್ಣೆ ಹಚ್ಚಿಕೊಂಡು, ಭಾರ ಎತ್ತಿ, ಜಟ್ಟಿಯೊಡನೆ ಕುಸ್ತಿ ಆಡುತ್ತಿದ್ದ ಎಂದು ಬರೆದಿದ್ದಾನೆ. ರಾಜನಿಗೂ ತಪ್ಪದ್ದು ನಮ್ಮ ಮಕ್ಕಳಿಗೆ ತಪ್ಪುತ್ತದೆಯೇ?

ಕಳೆದ ವರ್ಷ ಒಂದು ಸಂಜೆ ಮನೆಯ ಬಾಗಿಲಲ್ಲಿ ನಲವತ್ತು ದಾಟಿದ ಒಬ್ಬರು ನಿಂತಿದ್ದರು, ಜೊತೆಗೆ ಹದಿಮೂರು ವರ್ಷದ ಮಗಳು. ತೋಳು ನೋಡಿ ಗುರುತು ಹಿಡಿದೆ. ಕಂಪ್ಲಿಯ ಹತ್ತಿರ ಪಾಲಿಗೆ ಗದ್ದೆ ಮಾಡುತ್ತಾನಂತೆ. ಮಗಳ ಓಟ ನೋಡಿ ಯಾರೋ ದೂರದ ಕ್ರೀಡಾ ಹಾಸ್ಟೆಲ್ಲಿಗೆ ಕರೆದಿದ್ದಾರೆ, ಕಳಿಸಬೇಕೋ ಬೇಡವೋ ಕೇಳಲು ಬಂದಿದ್ದ. ಹಳೆಯದೇನನ್ನೂ ಎತ್ತಲಿಲ್ಲ. ಕೇಳಿದ್ದು ಇಷ್ಟೇ: "ಸಾರ್, ಅಲ್ಲಿ ಕಲಿಸೋರು ಯಾರ್ರಿ? ಎಷ್ಟು ವರ್ಷ ಇರ್ತಾರ? ಕಾಲಿಗೆ ಪೆಟ್ಟಾದ್ರ, ಇಲ್ಲ ಓಟ ಕೈಗೂಡದಿದ್ರ, ಸಾಲಿ ಓದು ಉಳಿತೈತೇನ್ರಿ?"

ಅವನ ಅಪ್ಪನಿಗೆ ಕೇಳಲು ಗೊತ್ತಿಲ್ಲದಿದ್ದ, ನನಗೆ ಹೊಳೆಯದೇ ಹೋಗಿದ್ದ ಪ್ರಶ್ನೆಗಳು. ಮಕ್ಕಳನ್ನು ಕಳಿಸುವ ಯಾವ ತಂದೆತಾಯಿಯೂ ಸಂಕೋಚವಿಲ್ಲದೆ ಕೇಳಬೇಕಾದವು. ಉತ್ತರ ನನ್ನ ಬಳಿ ಇರಲಿಲ್ಲ. 'ನಾನು ನೋಡಿಕೊಳ್ಳುತ್ತೇನೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

"ನಾಳೆ ಬೆಳಗಿನ ಬಸ್ಸಿಗೆ ಮೂವರೂ ಹೋಗಿ ನೋಡಿಕೊಂಡು ಬರೋಣ" ಎಂದೆ.