ನಾಯಿಯ ಪಾಲಿನ ಬಿಸ್ಕತ್ತು

ಬಡಿಸಿದ ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಆಗುವ ಪಾಠ. ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವರು ತಟ್ಟೆಯನ್ನು ಬರಿದು ಮಾಡಿಯೇ ಏಳುವರು. ಮನೆಯಲ್ಲಿಯೂ ಅದೇ ಕ್ರಮ. ಇದು ಬಹಳ ಒಳ್ಳೆಯ ಪದ್ಧತಿ. ಆದರೆ ಇದರಿಂದ ಒಂದು ಜೀವಕ್ಕೆ ತೊಡಕುಂಟು. ಜಗಲಿಯ ಕೆಳಗೆ ಮಲಗಿ ಮನೆ ಕಾಯುವ ನಾಯಿಗೆ ಎಂಜಲೆಂಬುದು ಉಳಿಯುವುದೇ ಇಲ್ಲ. ಆದುದರಿಂದ ಅದರ ಪಾಲನ್ನು ನಾವು ಉಣ್ಣುವುದಕ್ಕೆ ಮೊದಲೇ ತೆಗೆದಿರಿಸಬೇಕಾಗುತ್ತದೆ. ಹೆಮ್ಮಿಗೆಯ ನಮ್ಮ ಮನೆಯಲ್ಲಿ ಮಾವನವರು ಇರುವಷ್ಟು ಕಾಲವೂ ಹಾಗೆಯೇ ನಡೆಯಿತು. ಮುದ್ದೆ ತೊಳಸಿದೊಡನೆ ನಿಂಬೆಯ ಗಾತ್ರದ ನಾಲ್ಕು ತುತ್ತುಗಳನ್ನು ಉಪ್ಪಿಲ್ಲದ ಮಜ್ಜಿಗೆಯಲ್ಲಿ ಹಾಕಿ, ಮಣ್ಣಿನ ಬೋಗುಣಿಯಲ್ಲಿ ಹೊರಗಿರಿಸಿದ ಮೇಲೆಯೇ ಅವರು ಊಟಕ್ಕೆ ಕುಳಿತುಕೊಳ್ಳುತ್ತಿದ್ದರು.

ಮುದ್ದೆ ಊಟದ ಮಾತಾಯಿತು. ತಿಂಡಿಯ ಮಾತು ನಮ್ಮ ಮನೆಗೆ ಬಂದದ್ದು ಮೊಮ್ಮಗಳಿಂದ. ಮೈಸೂರಿನಲ್ಲಿ ಓದುವ ಹುಡುಗಿ ದಸರೆಯ ರಜೆಗೆ ಬರುವಾಗ ನಮ್ಮ ಕೆಂಚನಿಗೆಂದು ನಾಯಿ ಬಿಸ್ಕತ್ತಿನ ಒಂದು ಪೊಟ್ಟಣವನ್ನು ತಂದಿದ್ದಳು. ಅತ್ತೆಯವರು ಅದರಲ್ಲೇನಿದೆಯೆಂದು ಓದಿಸಿದರು. ಹುಡುಗಿ ಸುಳ್ಳಾಡಲಿಲ್ಲ, ಕೋಳಿಯ ಮಾಂಸವಿದೆಯೆಂದಳು. "ಹಾಗಾದರೆ ಅದು ಹೊಸಿಲು ದಾಟುವುದು ಬೇಡ, ಮಗಳೇ" ಎಂದರು ಅತ್ತೆಯವರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ತನ್ನ ಕೈಖರ್ಚಿನ ಹಣದಲ್ಲಿ ಕೊಂಡು ತಂದದ್ದು. ಕೆಂಚನಿಗೆ ವಯಸ್ಸಾಯಿತು, ಇನ್ನೆಷ್ಟು ದಿನವೋ ಎಂಬ ಸಂಕಟ ಬೇರೆ. ಒಂದು ಕಡೆ ಎಂಬತ್ತು ದಾಟಿದ ಹಿರಿಯರ ನೇಮ, ಇನ್ನೊಂದು ಕಡೆ ಹನ್ನೊಂದು ವರ್ಷದ ಮಗುವಿನ ಪ್ರೀತಿ. ನಡುವೆ ನಿಂತ ನಮಗೆ ಯಾರ ಪರ ಮಾತನಾಡಬೇಕೆಂದು ತೋರಲಿಲ್ಲ. ಅಂದು ರಾತ್ರಿ ಹುಡುಗಿ ಸರಿಯಾಗಿ ಉಣ್ಣಲೂ ಇಲ್ಲ.

ಮರುದಿನ ಬೆಳಿಗ್ಗೆ ದಾರಿ ತೋರಿಸಿದವರೂ ಅತ್ತೆಯವರೇ. "ಮನೆಯಲ್ಲಿ ರಾಗಿಗೇನು ಬರವೇ? ಹಿತ್ತಲಲ್ಲಿ ಕುಂಬಳಕಾಯಿ ಬಿದ್ದಿದೆ. ನಾವೇ ಸುಟ್ಟುಕೊಟ್ಟರೆ ಕೆಂಚ ಒಲ್ಲೆನ್ನುತ್ತದೆಯೇ?" ಎಂದರು. ಪೊಟ್ಟಣವು ನೆರೆಯ ಕೇರಿಯಲ್ಲಿ ಮಾಂಸ ತಿನ್ನುವವರ ಮನೆಯ ನಾಯಿಗೆ ಹೋಯಿತು. ನಾವು ಒಲೆ ಹಚ್ಚಿದೆವು.

ಮಾಂಸವಿಲ್ಲದೆ ನಾಯಿ ಬದುಕೀತೇ ಎಂದು ಅನೇಕರು ಕೇಳುತ್ತಾರೆ. ನಾಯಿ ಸಾಕಬಯಸುವ ನಮ್ಮ ಜನರು ಹಿಂಜರಿಯುವುದೂ ಇದೇ ಕಾರಣಕ್ಕೆ. ತೋಳದ ಕುಲದಿಂದ ಬಂದ ಪ್ರಾಣಿಯಾದರೂ ನಾಯಿ ಮನುಷ್ಯನ ಕಣಜದ ಬಳಿಯಲ್ಲಿಯೇ ಸಾವಿರಾರು ವರ್ಷ ಬಾಳಿದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ವಿಷಯವಾಗಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಹಿಟ್ಟನ್ನು ಅರಗಿಸುವ ರಸಕ್ಕೆ ಕಾರಣವಾದ ಒಂದು ವಂಶವಾಹಿಯು ತೋಳದಲ್ಲಿ 2 ಪ್ರತಿ ಮಾತ್ರ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇರುವುದನ್ನು ಅವರು ಕಂಡರು. ಬೆಕ್ಕಿನ ಮಾತು ಬೇರೆ; ಅದಕ್ಕೆ ಮಾಂಸವಿಲ್ಲದೆ ನಡೆಯದು. ನಾಯಿ ಮಾತ್ರ ಅನ್ನ, ರೊಟ್ಟಿ, ಮುದ್ದೆಗಳನ್ನು ಅರಗಿಸಿಕೊಳ್ಳಬಲ್ಲದು. ಇದಕ್ಕೆ ಸಾಕ್ಷಿಯಾಗಿ ದೂರ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ಸಾಕುವ ಬಡವರ ಮನೆಗಳಲ್ಲಿ ಜೋಳ, ಮೆಕ್ಕೆಜೋಳ, ಗೋಧಿಯ ಹಿಟ್ಟಿನ ಆಹಾರಕ್ಕೆ ಹಾಲು ಬೆರೆಸಿ ಹಾಕುವುದೇ ರೂಢಿ. ಅದೇ ನಾಯಿಯ ಮರಿಗಳನ್ನು ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ಚಕ್ರವರ್ತಿಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು.

ಹಾಗೆಂದು ಬರಿಯ ಮುದ್ದೆ ಮಜ್ಜಿಗೆ ಸಾಕೆಂದು ನಾವು ಹೇಳಲಾರೆವು. ಸಸ್ಯಾಹಾರದಲ್ಲಿಯೇ ನಾಯಿಯನ್ನು ಸಾಕುವುದಾದರೆ ಬೇಳೆ, ಮೊಸರು, ಪನ್ನೀರುಗಳಿಂದ ಸಸಾರಜನಕವನ್ನು ಒದಗಿಸಬೇಕು. ಪಶುವೈದ್ಯರನ್ನು ಒಮ್ಮೆ ಕೇಳಿ ಆಹಾರವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಮರಿಗಳ ವಿಷಯದಲ್ಲಂತೂ ಕೇಳಲೇಬೇಕು.

ನಾಯಿ ಬಿಸ್ಕತ್ತಿನ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ ಸುಮಾರು 1860ರಲ್ಲಿ ಇಂಗ್ಲೆಂಡಿಗೆ ಹೋಗಿದ್ದನಂತೆ. ಹಡಗಿನವರು ಎಸೆದ ಒಣ ಬಿಸ್ಕತ್ತುಗಳನ್ನು ಬಂದರಿನ ನಾಯಿಗಳು ಆತುರದಿಂದ ತಿನ್ನುವುದನ್ನು ಕಂಡು, ಗೋಧಿ, ತರಕಾರಿ, ಮಾಂಸಗಳನ್ನು ಸೇರಿಸಿ ನಾಯಿಗಳಿಗೆಂದೇ ಬಿಸ್ಕತ್ತು ಮಾಡಿ ಮಾರತೊಡಗಿದನಂತೆ. ಎಸೆದದ್ದನ್ನು ನಾಯಿ ತಿಂದದ್ದು ಅವನಿಗೆ ವ್ಯಾಪಾರವಾಯಿತು. ನಮ್ಮ ಹಳ್ಳಿಯ ಅಜ್ಜಿಯರು ಹೆಂಚಿನ ಕೊನೆಯ ರೊಟ್ಟಿಯನ್ನು ನಾಯಿಗೆಂದು ಗಟ್ಟಿಯಾಗಿ ಸುಡುತ್ತಿದ್ದರು. ಅದರ ಮೇಲೆ ಹೆಸರು ಅಚ್ಚು ಹಾಕಿಸಲು ಅವರಿಗೆ ತೋರಲಿಲ್ಲ, ಅಷ್ಟೆ.

ಇನ್ನು ಮಾಡುವ ಬಗೆ. ಎರಡು ಲೋಟ ರಾಗಿಹಿಟ್ಟಿಗೆ ಒಂದು ಲೋಟ ಬೇಯಿಸಿ ಮಸೆದ ಸಿಹಿಗುಂಬಳ, ಅರ್ಧ ಲೋಟ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಕಡಲೇಕಾಯಿ ಬೀಜ. ಉಪ್ಪು, ಬೆಲ್ಲ, ಸಕ್ಕರೆ ಯಾವುದೂ ಬೇಡ. ರುಚಿಯಿಲ್ಲವೆಂದು ನಮಗೆ ತೋರುತ್ತದೆ. ನಾಯಿಯ ನಾಲಿಗೆಗೆ ಕುಂಬಳದ ಸಿಹಿಯೇ ಧಾರಾಳವಾಯಿತು. ರಾಗಿ ಹಿಟ್ಟಿಗೆ ಗೋಧಿಯ ಜಿಗಿಯಿಲ್ಲದ ಕಾರಣ ಲಟ್ಟಿಸುವಾಗ ಅಂಚು ಸೀಳುತ್ತದೆ. ಎರಡು ಚಮಚ ಮೊಸರನ್ನು ಸೇರಿಸಿ, ನೀರನ್ನು ಹನಿಹನಿಯಾಗಿ ಚಿಮುಕಿಸಿ, ಬಿಸಿಯಿರುವಾಗಲೇ ನಾದಿದರೆ ಹಿಟ್ಟು ಒಗ್ಗೂಡುತ್ತದೆ. ಆಗಲೂ ಸೀಳಿದರೆ ಒಂದು ಹಿಡಿ ಗೋಧಿಹಿಟ್ಟನ್ನು ಬೆರೆಸಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶವಿದೆಯೆಂದು ಆಹಾರತಜ್ಞರ ಕೋಷ್ಟಕಗಳು ಹೇಳುತ್ತವೆ; ಅಕ್ಕಿ ಗೋಧಿಗಳಲ್ಲಿ ಅಷ್ಟಿಲ್ಲ.

ಕಡಲೇಕಾಯಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಗ್ಗಿದ, ಬೂಷ್ಟು ಹಿಡಿದ ಬೀಜವನ್ನು "ನಾಯಿಗೆ ತಾನೆ" ಎಂದು ಹಾಕುವವರುಂಟು. ಅಂತಹ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಅದು ಪೂರ್ತಿ ಹೋಗದು. ನಾಯಿಯ ಯಕೃತ್ತನ್ನು ಕೆಡಿಸಿ ಪ್ರಾಣವನ್ನೇ ತೆಗೆದೀತು. ನಾವು ತಿನ್ನಲಾರದ ಕಾಳನ್ನು ನಾಯಿಗೂ ಹಾಕಬಾರದು.

ಸುಡುವುದಕ್ಕೆ ಹಳ್ಳಿಯ ಮನೆಯಲ್ಲಿ ಓವನ್ ಎಲ್ಲಿಂದ ಬಂದೀತು? ನಮ್ಮ ಓರಗಿತ್ತಿಯರು ಹಿಂದೆ ಕುಕ್ಕರಿನಲ್ಲಿ ನಾನ್ ಕಟಾಯಿ ಮಾಡುತ್ತಿದ್ದ ಉಪಾಯವೇ ಇಲ್ಲಿಯೂ ಒದಗಿತು. ಹಳೆಯ ಕುಕ್ಕರಿನ ತಳದಲ್ಲಿ ಎರಡು ಬೆರಳು ದಪ್ಪ ಉಪ್ಪನ್ನಾಗಲಿ, ತೊಳೆದೊಣಗಿಸಿದ ಹೊಳೆಯ ಮರಳನ್ನಾಗಲಿ ಹರಡಿ, ಮೇಲೊಂದು ಸಿಂಬಿಯಿಟ್ಟು, ಮುಚ್ಚಳದ ರಬ್ಬರು, ಸೀಟಿ ಎರಡನ್ನೂ ತೆಗೆದು, ಹತ್ತು ನಿಮಿಷ ಬರಿದೇ ಕಾಯಿಸಬೇಕು. ನೀರು ಹಾಕಬಾರದು. ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ ಕತ್ತರಿಸಿದ ಬಿಲ್ಲೆಗಳನ್ನು ತಟ್ಟೆಯಲ್ಲಿ ಹರಡಿ ಒಳಗಿಟ್ಟು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಅಂಚು ಗಟ್ಟಿಯಾಗಿ ಹುರಿದ ರಾಗಿಯ ಪರಿಮಳ ಬರುತ್ತದೆ. ಒಮ್ಮೆ ತಿರುವಿ ಹಾಕಿ ಇನ್ನೊಂದು ಹತ್ತು ನಿಮಿಷ. ಉರಿ ಆರಿಸಿದ ಮೇಲೆ ಅಲ್ಲಿಯೇ ತಣಿಯಲು ಬಿಡಬೇಕು. ಆ ಉಳಿದ ಕಾವಿನಲ್ಲಿ ಒಳಗಿನ ತೇವ ಆರುತ್ತದೆ. ತೇವ ಉಳಿದರೆ ನಾಲ್ಕನೆಯ ದಿನಕ್ಕೆ ಬೂಷ್ಟು ಬರುವುದು ಖಂಡಿತ. ಚೆನ್ನಾಗಿ ಆರಿದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಂದು ವಾರ ಕೆಡದು. ಮಳೆಗಾಲದಲ್ಲಿ ಅಷ್ಟು ದಿನವೂ ಇಡುವುದು ಬೇಡ.

ಅಚ್ಚುಗಳಿಲ್ಲದುದರಿಂದ ಹುಡುಗಿ ಔಷಧಿ ಸೀಸೆಯ ಮುಚ್ಚಳದಿಂದ ಬಿಲ್ಲೆಗಳನ್ನು ಒತ್ತಿದಳು. ಮೊದಲ ಸರದಿಯನ್ನು ಅತ್ತೆಯವರು ತಾವೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನೋಡಿದರು. "ಹುರಿಹಿಟ್ಟಿನ ಹಾಗಿದೆ. ಉಪ್ಪಿದ್ದಿದ್ದರೆ ನಾನೇ ತಿನ್ನುತ್ತಿದ್ದೆ" ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಕೆಂಚ ಮೊದಲು ಮೂಸಿ ಮುಖ ತಿರುಗಿಸಿತು. ಹುಡುಗಿಯ ಮುಖ ಬಾಡಿತು. ಅದಕ್ಕೆ ಹಲ್ಲು ಸವೆದಿದೆಯೆಂಬುದನ್ನು ಕಂಡುಕೊಂಡವರು ನಮ್ಮ ಯಜಮಾನರು. ಒಂದು ಬಿಲ್ಲೆಯನ್ನು ನೀರು ಮಜ್ಜಿಗೆಯಲ್ಲಿ ಅದ್ದಿ ಕೊಟ್ಟಾಗ ಒಂದೇ ತುತ್ತಿಗೆ ನುಂಗಿ, ಹುಡುಗಿಯ ಕೈಯನ್ನೂ ನೆಕ್ಕಿತು. ಮಾವನವರು ಲಿಂಗೈಕ್ಯರಾದ ಮೇಲೆ ಬೋಗುಣಿಯತ್ತ ಹೋಗದೆ ಅವರು ಕೂರುತ್ತಿದ್ದ ಜಾಗದಲ್ಲಿ ದಿನಗಟ್ಟಲೆ ಮಲಗಿದ್ದ ನಾಯಿಯದು. ಅದು ತಾನಾಗಿ ಬಾಲವಾಡಿಸಿ ಇನ್ನೊಂದು ಬೇಕೆಂದು ಕೇಳಿದ್ದನ್ನು ಕಂಡು ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನೊಂದು ಕೊಟ್ಟೆವು, ಮೂರನೆಯದು ಕೊಡಲಿಲ್ಲ. ತಿಂಡಿ ಎಷ್ಟಿದ್ದರೂ ದಿನದ ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂಬುದು ಪಶುವೈದ್ಯರ ಮಾತು.

ಕೊಡಬಾರದ ಪದಾರ್ಥಗಳನ್ನು ಮನೆಯ ಮಕ್ಕಳಿಗೆ ಕಡ್ಡಾಯವಾಗಿ ತಿಳಿಸಬೇಕು, ಏಕೆಂದರೆ ಪ್ರೀತಿಯಿಂದ ಕೊಡುವವರೂ ಅವರೇ. ಚಾಕಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ. ಅದರಿಂದ ವಾಂತಿ, ನಡುಕ, ಎದೆಬಡಿತ ಹೆಚ್ಚುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಬ್ಬದ ದಿನ ಪಾಯಸದ ಪಾತ್ರೆಯನ್ನು ನಾಯಿಗೆ ನೆಕ್ಕಲು ಇಡುವ ಅಭ್ಯಾಸವಿದ್ದವರು ಇದನ್ನು ಗಮನಿಸಬೇಕು. ಈರುಳ್ಳಿ ಬೆಳ್ಳುಳ್ಳಿಗಳು ಬೇಯಿಸಿದರೂ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಹಾಗಾಗಿ ಸಾರು ಹುಳಿಗಳನ್ನು ಕಲಸಿದ ಅನ್ನ ಸಲ್ಲದು. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ಗಳಲ್ಲಿ ಬರುವ ಝೈಲಿಟಾಲ್ ಎಂಬ ಸಿಹಿವಸ್ತು ಎಲ್ಲಕ್ಕಿಂತ ಅಪಾಯಕರ. ಕ್ರೀಮ್ ಬಿಸ್ಕತ್ತು ವಿಷವಲ್ಲ, ಆದರೆ ಬೊಜ್ಜಿಗೆ ಅದೇ ಮೂಲ.

ನಮ್ಮ ಡಬ್ಬಿಯ ಸುದ್ದಿ ಬೀದಿಗೂ ಹರಡಿತು. ಕೆಂಚನ ಹಿಂದೆ ಇನ್ನೂ ನಾಲ್ಕು ನಾಯಿಗಳು ಬಾಗಿಲಿಗೆ ಬರತೊಡಗಿದವು. ಶಾಲೆಗೆ ಹೋಗುವ ಮಕ್ಕಳು ಹೆದರುತ್ತಾರೆಂದು ಎದುರು ಮನೆಯವರು ಹೇಳಿದರು. ಅವರ ಮಾತು ನ್ಯಾಯವಾದುದು. ಕರುಣೆಯ ಹೆಸರಿನಲ್ಲಿ ನೆರೆಯ ಮಗುವಿಗೆ ಭಯ ಹುಟ್ಟಿಸಲು ನಮಗೇನು ಹಕ್ಕು? ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ಕೇಂದ್ರ ನಿಯಮಗಳು ಬೀದಿನಾಯಿಗಳಿಗೆ ಉಣಿಸುವ ಸ್ಥಳವು ಮಕ್ಕಳು ಆಡುವ ಎಡೆಯಿಂದ, ಜನರು ಓಡಾಡುವ ಬಾಗಿಲುಗಳಿಂದ ದೂರವಿರಬೇಕೆನ್ನುತ್ತವೆ. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬೀದಿಯಲ್ಲಿ ಕಂಡಕಂಡಲ್ಲಿ ಉಣಿಸಬಾರದು, ಅದಕ್ಕೆಂದು ಗೊತ್ತುಮಾಡಿದ ಸ್ಥಳಗಳಿರಬೇಕು ಎಂದಿತು. ನಾವು ಕೆಂಚನಿಗೆ ಹಿತ್ತಲಲ್ಲಿಯೇ ಕೊಡುವುದಾಗಿ ಮಾಡಿದೆವು, ಬಾಗಿಲಿಗೆ ಅಗಣಿ ಹಾಕಿ. ಉಳಿದ ನಾಲ್ಕಕ್ಕೆ ಊರಾಚೆಯ ಹುಣಸೆಮರದ ಬುಡದಲ್ಲಿ ಸಂಜೆ ಒಂದೇ ಹೊತ್ತು, ಯಜಮಾನರು ನಿಂತಿದ್ದು ಹಾಕಿ ಬರುತ್ತಾರೆ. ಐದಕ್ಕೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಯಾಗಿದೆ. ಲಸಿಕೆಯ ದಿನ ಅವುಗಳನ್ನು ಒಂದೆಡೆ ನಿಲ್ಲಿಸಿದ್ದು ಈ ರಾಗಿ ಬಿಲ್ಲೆಗಳೇ. ಎದುರು ಮನೆಯವರ ಹುಡುಗನೇ ಡಬ್ಬಿ ಹಿಡಿದಿದ್ದ.

ಈಗ ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ಆ ಡಬ್ಬಿಗೆ ಬೇರೆ ಸ್ಥಳವಿದೆ. ಮುಚ್ಚಳದ ಮೇಲೆ ಹುಡುಗಿ ದಪ್ಪಕ್ಷರದಲ್ಲಿ "ಕೆಂಚನದು" ಎಂದು ಬರೆದಂಟಿಸಿದ್ದಾಳೆ. ಶಿವರಾತ್ರಿಗೆ ಬರುವವಳಿದ್ದಾಳೆ; ಅಷ್ಟರಲ್ಲಿ ಹಿತ್ತಲಿನ ಕುಂಬಳ ತೀರಿದರೆ ಕ್ಯಾರೆಟ್ ಬೇಯಿಸಿ ಹಾಕಬಹುದೇ ಎಂದು ಅತ್ತೆಯವರು ಮೊನ್ನೆ ಫೋನಿನಲ್ಲಿ ಅವಳನ್ನೇ ಕೇಳುತ್ತಿದ್ದರು. ಹಾಕಬಹುದು.